ರೋಡ್ ಬೈಕಿಗೆ ಹೊಸ ಬಿಬಿ: ಯಾವುದು ತಗೋಬೇಕು, ಯಾವುದಕ್ಕೆ ದುಡ್ಡು ಸುರಿಯಬಾರದು

ಬಾಟಮ್ ಬ್ರ್ಯಾಕೆಟ್ (ಬಿಬಿ), ಅಂದರೆ ಪೆಡಲಿನ ಕ್ರ್ಯಾಂಕ್ ತಿರುಗಲು ಫ್ರೇಮಿನಲ್ಲಿ ಕೂರುವ ಬೇರಿಂಗ್ ಜೋಡಿ, ಹೋಯಿತು ಅಂದ ಕೂಡಲೇ ಬರುವ ಮೊದಲ ಪ್ರಶ್ನೆ 'ಯಾವ ಕಂಪನಿಯದು ಒಳ್ಳೇದು?' ಎರಡನೆಯದು 'ಸೆರಾಮಿಕ್ ಹಾಕಿಸಲಾ?' ಎರಡೂ ಕೊನೆಗೆ ಕೇಳಬೇಕಾದ ಪ್ರಶ್ನೆಗಳು. ಯಾಕಂದರೆ ಬಿಬಿಯ ಆಯ್ಕೆಯಲ್ಲಿ ಮುಕ್ಕಾಲು ಪಾಲು ನೀವು ಸೈಕಲ್ ಕೊಂಡ ದಿನವೇ ಮುಗಿದಿದೆ. ಫ್ರೇಮಿನ ಶೆಲ್, ಅಂದರೆ ಬಿಬಿ ಕೂರುವ ಅಡ್ಡ ಕೊಳವೆ, ಒಂದು ಅಳತೆ ಹೇಳುತ್ತದೆ. ಕ್ರ್ಯಾಂಕಿನ ಸ್ಪಿಂಡಲ್, ಅಂದರೆ ಎರಡು ಕ್ರ್ಯಾಂಕ್ ತೋಳುಗಳನ್ನು ಸೇರಿಸುವ ಅಚ್ಚು, ಇನ್ನೊಂದು ಅಳತೆ ಹೇಳುತ್ತದೆ. ಎರಡಕ್ಕೂ ಸರಿಹೊಂದುವ ಬಿಬಿ ಮಾತ್ರ ನಿಮ್ಮ ಸೈಕಲ್ಲಿಗೆ ಆಗುತ್ತದೆ. ಹಾಗೆ ಹೊಂದುವವುಗಳಲ್ಲಿ ಯಾವುದು ಅನ್ನುವುದಷ್ಟೇ ನಿಮ್ಮ ಕೈಯಲ್ಲಿ ಉಳಿದಿರುವ ಆಯ್ಕೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಥ್ರೆಡ್ ಇರುವ ಫ್ರೇಮ್ ಆದರೆ ಶಿಮಾನೊದ ಸಾಧಾರಣ ಬಿಬಿ ಹಾಕಿ, ಸವೆದಾಗ ಎಸೆದು ಹೊಸದು ಹಾಕಿ. ಪ್ರೆಸ್‌ಫಿಟ್ (ಥ್ರೆಡ್ ಇಲ್ಲದೆ ಬಿಬಿಯನ್ನು ಒತ್ತಿ ಕೂರಿಸುವ) ಫ್ರೇಮ್ ಆಗಿ, ಅದು ಸದ್ದು ಮಾಡಿ ಜೀವ ತಿನ್ನುತ್ತಿದ್ದರೆ ಮಾತ್ರ ದುಬಾರಿ ಬಿಬಿಗೆ ಅರ್ಥ ಇದೆ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಸದ್ದು ಬಿಬಿಯದ್ದೇನಾ?

ಪೆಡಲ್ ಒತ್ತಿದಾಗೆಲ್ಲ ಟಿಕ್ ಅಂತ ಒಂದು ಸದ್ದು. ಕೆಳಗಿಂದಲೇ ಬರುವ ಹಾಗೆ ಕೇಳುತ್ತದೆ. ಬಿಬಿ ಅಂತ ತೀರ್ಮಾನ ಮಾಡಿ ಹೊಸದು ಹಾಕಿಸುತ್ತೀರಿ. ಸದ್ದು ಹಾಗೇ ಇರುತ್ತದೆ. ಇದು ತುಂಬ ಜನಕ್ಕೆ ಆಗುವ ಕಥೆ. ಫ್ರೇಮಿನ ಟ್ಯೂಬುಗಳು ಟೊಳ್ಳು, ಎಲ್ಲೋ ಹುಟ್ಟಿದ ಸದ್ದು ಇನ್ನೆಲ್ಲೋ ಕೇಳುತ್ತದೆ. ಪೆಡಲ್ ಥ್ರೆಡ್ಡಿನಲ್ಲಿ ಗ್ರೀಸ್ ಒಣಗಿದ್ದರೂ ಹೀಗೇ. ಚೈನ್‌ರಿಂಗ್ (ಕ್ರ್ಯಾಂಕಿನ ಹಲ್ಲಿನ ಚಕ್ರ) ಬೋಲ್ಟ್ ಸಡಿಲವಾಗಿದ್ದರೂ, ಸೀಟ್‌ಪೋಸ್ಟ್ ಒಣಗಿದ್ದರೂ, ಹಿಂದಿನ ಚಕ್ರದ ಕ್ವಿಕ್ ರಿಲೀಸ್ ಸರಿಯಾಗಿ ಬಿಗಿಯಾಗದಿದ್ದರೂ ಹೀಗೇ. ಬಾಟಲ್ ಕೇಜಿನ ಬೋಲ್ಟ್ ಕೂಡ ಈ ನಾಟಕ ಆಡುತ್ತದೆ.

ಆದ್ದರಿಂದ ಮೊದಲು ಎದ್ದು ನಿಂತು ಪೆಡಲ್ ಮಾಡಿ ನೋಡಿ. ಸದ್ದು ನಿಂತರೆ ಸೀಟಿನ ಕಡೆ ಹುಡುಕಿ. ಆಮೇಲೆ ಪೆಡಲ್ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಹಾಕಿ. ಚೈನ್‌ರಿಂಗ್ ಬೋಲ್ಟ್‌ಗಳನ್ನೂ ಒಮ್ಮೆ ಬಿಗಿ ಮಾಡಿ. ಇಷ್ಟಾದರೂ ಸದ್ದು ಹೋಗದಿದ್ದರೆ ಬಿಬಿಗೆ ಬನ್ನಿ.

ಬಿಬಿ ಪರೀಕ್ಷೆ ಸುಲಭ. ಚೈನನ್ನು ಮುಂದಿನ ಚೈನ್‌ರಿಂಗಿನಿಂದ ಒಳಗಡೆಗೆ, ಶೆಲ್ಲಿನ ಮೇಲೆ ಬೀಳಿಸಿ. ಒಂದು ಕೈಯಲ್ಲಿ ಸೀಟ್ ಟ್ಯೂಬ್ ಹಿಡಿದು, ಇನ್ನೊಂದು ಕೈಯಲ್ಲಿ ಕ್ರ್ಯಾಂಕನ್ನು ನಿಧಾನ ತಿರುಗಿಸಿ. ಟ್ಯೂಬ್ ಹಿಡಿದ ಕೈಗೆ ಮರಳು ಅರೆದ ಹಾಗೆ ಒರಟು ತಾಗಿದರೆ ಬೇರಿಂಗ್ ಹೋಗಿದೆ. ಆಮೇಲೆ ಕ್ರ್ಯಾಂಕಿನ ತುದಿ ಹಿಡಿದು ಫ್ರೇಮಿನ ಕಡೆಗೆ ನೂಕಿ, ಎಳೆಯಿರಿ. ಲಟಕ್ ಅಂತ ಆಡಿದರೆ ಒಂದೋ ಬೇರಿಂಗ್ ಸವೆದಿದೆ, ಇಲ್ಲ ಕ್ರ್ಯಾಂಕ್ ಸಡಿಲವಾಗಿದೆ. ಎರಡನೆಯದಾದರೆ ಖರ್ಚೇ ಇಲ್ಲ.

ಇಲ್ಲೊಂದು ಮಾತು. ಕೈಯಿಂದ ಬೀಸಿದಾಗ ಕ್ರ್ಯಾಂಕ್ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದರ ಮೇಲೆ ಬಿಬಿಗೆ ಮಾರ್ಕು ಕೊಡಬೇಡಿ. ಹೊಸ ಶಿಮಾನೊ ಬಿಬಿ ಎರಡು ಸುತ್ತಿಗೇ ನಿಂತುಬಿಡಬಹುದು. ಸೀಲ್ ಬಿಗಿಯಾಗಿದೆ, ಒಳಗೆ ಗ್ರೀಸ್ ತುಂಬಿದೆ, ಅಷ್ಟೇ. ಗ್ರೀಸೆಲ್ಲ ತೊಳೆದುಹೋದ ಹಳೇ ಬೇರಿಂಗ್ ಅದಕ್ಕಿಂತ ಜಾಸ್ತಿ ತಿರುಗುತ್ತದೆ.

ಎರಡು ಅಳತೆ

ಒಂದು ವರ್ನಿಯರ್ ಕ್ಯಾಲಿಪರ್ ಬೇಕು. ಅಗ್ಗದ್ದಾದರೂ ಪರವಾಗಿಲ್ಲ.

ಮೊದಲು ಶೆಲ್. ಕ್ರ್ಯಾಂಕಿನ ಹಿಂದೆ, ಫ್ರೇಮಿನ ಹೊರಗಡೆ ಹಲ್ಲು ಹಲ್ಲಾಗಿರುವ ಲೋಹದ ಕಪ್ (ಬೇರಿಂಗ್ ಕೂರುವ ಮನೆ) ಕಾಣಿಸಿದರೆ ಅದು ಥ್ರೆಡ್ ಬಿಬಿ. ಹೊರಗೆ ಏನೂ ಕಾಣದೆ, ತೆಳ್ಳಗಿನ ಅಂಚು ಮಾತ್ರ ಇದ್ದರೆ ಹೆಚ್ಚಾಗಿ ಪ್ರೆಸ್‌ಫಿಟ್. ಹೆಚ್ಚಾಗಿ ಅಂದೆ, ಯಾಕಂದರೆ ಹಳೇ ಸ್ಕ್ವೇರ್ ಟೇಪರ್ (ಚೌಕ ತುದಿಯ ಸ್ಪಿಂಡಲ್ಲಿನ) ಬಿಬಿ ಥ್ರೆಡ್ಡಿನದೇ ಆದರೂ ಪೂರ್ತಿ ಒಳಗೇ ಅಡಗಿರುತ್ತದೆ. ಇನ್ನು ಶೆಲ್ಲಿನ ಅಗಲ. ಥ್ರೆಡ್ ಇದ್ದು 68 ಮಿ.ಮೀ. ಬಂದರೆ ಹೆಚ್ಚಾಗಿ ಬಿಎಸ್‌ಎ, ಅಂದರೆ ಇಂಗ್ಲಿಷ್ ಥ್ರೆಡ್. 70 ಬಂದರೆ ಇಟಾಲಿಯನ್. ಥ್ರೆಡ್ ಇಲ್ಲದೆ 86.5 ಬಂದರೆ ಒಳಗಿನ ರಂಧ್ರವನ್ನೂ ಅಳೆಯಬೇಕು. 41 ಮಿ.ಮೀ. ಆದರೆ ಬಿಬಿ86, 46 ಆದರೆ ಬಿಬಿ386. 68 ಅಗಲದಲ್ಲೂ ಹೀಗೇ ಎರಡಿವೆ. 42ರ ರಂಧ್ರ ಇದ್ದರೆ ಬಿಬಿ30, 46 ಇದ್ದರೆ ಪಿಎಫ್30. ಕ್ಯಾನನ್‌ಡೇಲ್‌ನವರು 73 ಅಗಲದ ಬಿಬಿ30ಎ ಮಾಡಿದರು. ಸರ್ವೆಲೊದವರು 79 ಅಗಲದ ಬಿಬಿರೈಟ್ ಮಾಡಿದರು. ಇಷ್ಟೊಂದು ಯಾಕೆ ಬೇಕಿತ್ತು ಅಂತ ಕೇಳಬೇಡಿ. ಹಗುರ ಫ್ರೇಮ್, ದಪ್ಪ ಟ್ಯೂಬ್, ಬಗ್ಗದ ಸ್ಪಿಂಡಲ್ ಅಂತೆಲ್ಲ ಕಾರಣ ಕೊಟ್ಟರು. ಫ್ಯಾಕ್ಟರಿಯಲ್ಲಿ ಥ್ರೆಡ್ ಕೊರೆಯುವ ಕೆಲಸ ತಪ್ಪಿದ್ದೂ ಒಂದು ಕಾರಣ ಅನ್ನುವುದನ್ನು ಮಾತ್ರ ಜಾಹೀರಾತಿನಲ್ಲಿ ಹಾಕಲಿಲ್ಲ.

ಎರಡನೆಯ ಅಳತೆ ಸ್ಪಿಂಡಲ್. ಶಿಮಾನೊ ಹಾಲೊಟೆಕ್ 2 ಕ್ರ್ಯಾಂಕ್‌ಗಳೆಲ್ಲ 24 ಮಿ.ಮೀ. 2003–04ರ ಸುಮಾರಿಗೆ ಬಂದದ್ದು, ಇವತ್ತಿಗೂ ಅದೇ. ಸ್ರ್ಯಾಮ್‌ನ ಜಿಎಕ್ಸ್‌ಪಿ ಬಲಗಡೆ 24, ಎಡಗಡೆ 22. ಸ್ರ್ಯಾಮ್‌ನ ಹೊಸ ಡಬ್ 28.99. ಇನ್ನು ಎಫ್‌ಎಸ್‌ಎ, ರೋಟರ್, ಕ್ಯಾನನ್‌ಡೇಲ್ ಕ್ರ್ಯಾಂಕ್‌ಗಳಲ್ಲಿ 30 ಮಿ.ಮೀ. ಕಾಣಸಿಗುತ್ತದೆ. ಕ್ರ್ಯಾಂಕ್ ತೋಳಿನ ಒಳಮುಖದಲ್ಲಿ ಮಾಡೆಲ್ ನಂಬರ್ ಕೊರೆದಿರುತ್ತದೆ. ಎಫ್‌ಸಿ-ಆರ್7000 ಅಂತ ಕಂಡರೆ ಅದು 105, 24 ಮಿ.ಮೀ. ಅಲ್ಲಿಗೆ ಮುಗಿಯಿತು. ಅಂಗಡಿಗೆ ಹೋಗುವ ಮುಂಚೆ ಆ ನಂಬರಿನ ಫೋಟೋ ತೆಗೆದುಕೊಳ್ಳಿ, ಶೆಲ್ಲಿನ ಅಗಲ ಬರೆದುಕೊಳ್ಳಿ.

ಬಿಎಸ್‌ಎ ಶೆಲ್, 24ರ ಸ್ಪಿಂಡಲ್

ನಿಮ್ಮದು ಈ ಜೋಡಿಯಾದರೆ ಅದೃಷ್ಟವಂತರು. ನಮ್ಮಲ್ಲಿ ಓಡುವ ಅಲ್ಯುಮಿನಿಯಂ ರೋಡ್ ಬೈಕ್‌ಗಳಲ್ಲಿ ಇದು ಬೇಕಾದಷ್ಟಿದೆ.

ಶಿಮಾನೊದಲ್ಲಿ ಮೂರು ಹಂತ. ಕೆಳಗಿನದು ಆರ್‌ಎಸ್500. ಟಿಯಾಗ್ರ, 105 ದರ್ಜೆಯ ಸೈಕಲ್‌ಗಳಲ್ಲಿ ಬರುತ್ತದೆ. ಮಧ್ಯದ್ದು ಬಿಬಿಆರ್60, ಅಲ್ಟೆಗ್ರ ದರ್ಜೆ. ಮೇಲಿನದು ಆರ್9100, ಡ್ಯುರಾ-ಏಸ್. ಮೂರರಲ್ಲಿ ಯಾವುದನ್ನು ಯಾವ 24ರ ಶಿಮಾನೊ ರೋಡ್ ಕ್ರ್ಯಾಂಕಿಗೆ ಬೇಕಾದರೂ ಹಾಕಬಹುದು. ಡ್ಯುರಾ-ಏಸ್ ಕ್ರ್ಯಾಂಕಿಗೆ ಆರ್‌ಎಸ್500 ಹಾಕಿದರೆ ಯಾರೂ ಬೈಯುವುದಿಲ್ಲ.

ಮೂರಕ್ಕೂ ಇರುವ ವ್ಯತ್ಯಾಸ ಏನು? ತೂಕದಲ್ಲಿ ಕೆಲವು ಗ್ರಾಂ. ಕಪ್ಪಿನ ಗಾತ್ರದಲ್ಲಿ ಸ್ವಲ್ಪ. ಮೇಲಿನದರಲ್ಲಿ ಬೇರಿಂಗ್ ತುಸು ನಯವಾಗಿ ತಿರುಗುತ್ತದೆ. ಆದರೆ ಮಳೆಯಲ್ಲಿ ಓಡಿಸಿದರೆ ಮೂರೂ ಸಾಯುತ್ತವೆ. ಆರ್9100 ಕಪ್ ಚಿಕ್ಕದು, ಒಳಗಿನ ಬೇರಿಂಗ್ ಕೂಡ ಚಿಕ್ಕದು. ಬಾಳಿಕೆಯೇ ಮುಖ್ಯ ಅನ್ನುವವರಿಗೆ ಅದಕ್ಕೆ ಜಾಸ್ತಿ ದುಡ್ಡು ಕೊಡಲು ನನಗೆ ಕಾರಣ ಕಾಣುವುದಿಲ್ಲ. ನಾನು ಯಾರಿಗಾದರೂ ಹೇಳುವುದು ಬಿಬಿಆರ್60. ಅದು ಸಿಗದಿದ್ದರೆ ಆರ್‌ಎಸ್500. ಒಂದು ಒಳ್ಳೇ ಟೈರಿಗಿಂತ ಅಗ್ಗ. ಒಳಗಿನ ಬೇರಿಂಗನ್ನು ಶಿಮಾನೊದವರು ಬಿಡಿಯಾಗಿ ಮಾರುವುದಿಲ್ಲ. ಹೋದರೆ ಇಡೀ ಬಿಬಿ ಎಸೆಯಬೇಕು. ಎಸೆಯಲು ಮನಸ್ಸು ಒಪ್ಪದಿದ್ದರೂ ಲೆಕ್ಕ ಹಾಕಿದರೆ ಇದೇ ಅಗ್ಗ.

ಟೂಲ್ ವಿಚಾರದಲ್ಲಿ ಮಾತ್ರ ಹುಷಾರು. ಹಳೇ 44 ಮಿ.ಮೀ. ಕಪ್‌ಗಳಿಗೆ ಆಗುವ ಸ್ಪ್ಯಾನರ್ ಬಿಬಿಆರ್60ಗೆ ಆಗುವುದಿಲ್ಲ. ಅದಕ್ಕೆ ಟಿಎಲ್-ಎಫ್‌ಸಿ25 ಅನ್ನುವ ಅಡಾಪ್ಟರ್ ಬೇಕು. ಆರ್9100ಗೆ ಇನ್ನೂ ಚಿಕ್ಕದು, ಟಿಎಲ್-ಎಫ್‌ಸಿ24. ಬಿಬಿಆರ್60 ಪ್ಯಾಕೆಟ್ಟಿನಲ್ಲಿ ಪ್ಲಾಸ್ಟಿಕ್ ಅಡಾಪ್ಟರ್ ಬಂದಿದ್ದರೆ ಎಸೆಯಬೇಡಿ. ನಿಮ್ಮ ಊರಿನ ಅಂಗಡಿಯಲ್ಲಿ ಆ ಟೂಲ್ ಇಲ್ಲದಿದ್ದರೆ, ಮುಂದಿನ ಸಲ ಬಿಚ್ಚುವಾಗ ಅವರು ಪೈಪ್ ರೆಂಚ್ ಹಿಡಿದು ಬರುತ್ತಾರೆ.

ಶಿಮಾನೊ ಬಿಟ್ಟರೆ ಹೋಪ್, ಕ್ರಿಸ್ ಕಿಂಗ್ ಇವೆ. ಬೆಲೆ ತುಂಬ ಜಾಸ್ತಿ. ಇವುಗಳ ಗುಣ ಬೇರೆ. ಬೇರಿಂಗ್ ಬದಲಿಸಬಹುದು. ಕ್ರಿಸ್ ಕಿಂಗ್‌ದಕ್ಕೆ ಗ್ರೀಸ್ ತುಂಬುವ ಟೂಲೇ ಸಿಗುತ್ತದೆ, ಹಳೇ ಗ್ರೀಸನ್ನು ಹೊರಗೆ ತಳ್ಳಿ ಹೊಸದನ್ನು ತುಂಬಬಹುದು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲದಲ್ಲೂ ಸೈಕಲ್ ನಿಲ್ಲಿಸದವರು, ತಾವೇ ಕೈಯಾರೆ ಕೆಲಸ ಮಾಡುವವರು, ಇದನ್ನು ಯೋಚಿಸಬಹುದು. ವರ್ಷಕ್ಕೆ ಎರಡು ಸಲ ಗ್ರೀಸ್ ತುಂಬುವ ಶಿಸ್ತು ಇಲ್ಲದಿದ್ದರೆ ಇವೂ ಬೇರೆಯವುಗಳ ಹಾಗೇ ತುಕ್ಕು ಹಿಡಿಯುತ್ತವೆ.

ಮಳೆಗಾಲ ಕಳೆದ ಮೇಲೆ ಒಂದು ಬಿಬಿ ಬಿಚ್ಚಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಕಪ್ ತಿರುಗಿಸಿ ಹೊರಗೆ ತೆಗೆಯುತ್ತಿದ್ದ ಹಾಗೆ ಶೆಲ್ಲಿನಿಂದ ಕಂದು ನೀರು ಕೈ ಮೇಲೆ ಇಳಿಯುತ್ತದೆ. ಈ ನೀರು ಬೇರಿಂಗಿನ ಹೊರಗಡೆಯಿಂದ ಮಾತ್ರ ಬಂದದ್ದಲ್ಲ. ಹಿಂದಿನ ಚಕ್ರ ಎರಚಿದ ನೀರು ಸೀಟ್‌ಪೋಸ್ಟ್ ಸಂದಿನಿಂದ ಒಳಗೆ ಇಳಿದು ಶೆಲ್ಲಿನಲ್ಲಿ ನಿಂತಿದೆ. ಎರಡು ಕಪ್ಪುಗಳ ನಡುವೆ ಇರುವ ತೆಳ್ಳನೆ ಪ್ಲಾಸ್ಟಿಕ್ ಕೊಳವೆ ಇದನ್ನೇ ತಡೆಯಲು ಇರುವುದು. ಹಗುರ ಆಗುತ್ತದೆ ಅಂತ ಅದನ್ನು ತೆಗೆದು ಬಿಸಾಡುವವರಿದ್ದಾರೆ! ಇನ್ನು ಬೇರಿಂಗಿನ ಒಳ ಅಂಚಿನಲ್ಲಿ ಟೋಪಿಯ ಆಕಾರದ ಒಂದು ಪ್ಲಾಸ್ಟಿಕ್ ಬುಶ್ ಇರುತ್ತದೆ. ಬೇರಿಂಗಿನ ಒಳರಂಧ್ರ 25 ಮಿ.ಮೀ., ಸ್ಪಿಂಡಲ್ 24. ನಡುವಿನ ಅಂತರ ತುಂಬುವುದು ಆ ಬುಶ್. ತೊಳೆಯುವಾಗ ಜಾರಿಬಿದ್ದು ಕಳೆದುಹೋದರೆ ಕ್ರ್ಯಾಂಕ್ ಕುಣಿಯಲು ಶುರು ಮಾಡುತ್ತದೆ.

ಮಳೆಯಲ್ಲಿ ಓಡಿಸಿ ಬಂದ ದಿನ ಸೀಟ್‌ಪೋಸ್ಟ್ ತೆಗೆದು ಸೈಕಲ್ಲನ್ನು ತಲೆಕೆಳಗು ಮಾಡಿ ಸ್ವಲ್ಪ ಹೊತ್ತು ಇಡಿ. ಶೆಲ್ಲಿನ ತಳದಲ್ಲಿ ಸಣ್ಣ ತೂತು ಇದ್ದರೆ ಅದು ಕಟ್ಟಿಕೊಳ್ಳದಂತೆ ನೋಡಿ. ಮುಖ್ಯವಾಗಿ, ಮೋಟಾರ್ ಬೈಕ್ ತೊಳೆಯುವ ವಾಟರ್ ಸರ್ವಿಸ್ ಅಂಗಡಿಗೆ ಸೈಕಲ್ ಒಯ್ಯಬೇಡಿ. ಆ ಪ್ರೆಶರಿನ ಮುಂದೆ ಯಾವ ಸೀಲೂ ನಿಲ್ಲುವುದಿಲ್ಲ.

ಪ್ರೆಸ್‌ಫಿಟ್: ಇಲ್ಲಿ ಮಾತ್ರ ಯೋಚಿಸಿ ಖರ್ಚು ಮಾಡಿ

ಪ್ರೆಸ್‌ಫಿಟ್‌ನಲ್ಲಿ ಥ್ರೆಡ್ ಇಲ್ಲ. ಕಪ್ಪನ್ನು ಒತ್ತಿ ಕೂರಿಸುತ್ತಾರೆ, ಅದು ಬಿಗಿಯಿಂದಲೇ ನಿಲ್ಲಬೇಕು. ಶೆಲ್ಲಿನ ರಂಧ್ರ ಅಳತೆಗೆ ಸರಿಯಾಗಿ, ಎರಡೂ ಬದಿ ಒಂದೇ ಗೆರೆಯಲ್ಲಿ ಇದ್ದರೆ ಚೆನ್ನಾಗಿರುತ್ತದೆ. ಸ್ವಲ್ಪ ದೊಡ್ಡದಾದರೆ, ಸ್ವಲ್ಪ ಮೊಟ್ಟೆ ಆಕಾರವಾದರೆ, ಒತ್ತಡ ಬಿದ್ದಾಗೆಲ್ಲ ಕಪ್ ಕೂದಲೆಳೆಯಷ್ಟು ಅಲ್ಲಾಡುತ್ತದೆ. ಅದೇ ಆ ಸದ್ದು. ಬೇರಿಂಗ್ ಚೆನ್ನಾಗಿದ್ದರೂ ಸದ್ದು ಬರುವುದು ಇದಕ್ಕೇ. ಅಂದರೆ ತಪ್ಪು ಬಿಬಿಯದ್ದಲ್ಲ, ಫ್ರೇಮಿನದ್ದು.

ಕಂಪನಿಗಳಿಗೂ ಇದು ಗೊತ್ತಾಗಿದೆ. ಸ್ಪೆಷಲೈಜ್ಡ್ 2020ರ ಟಾರ್ಮ್ಯಾಕ್ ಎಸ್‌ಎಲ್7ನಲ್ಲಿ ಮತ್ತೆ 68ರ ಬಿಎಸ್‌ಎ ಥ್ರೆಡ್ಡಿಗೆ ಬಂತು. ಬಿಬಿ30 ಹುಟ್ಟುಹಾಕಿದ ಕ್ಯಾನನ್‌ಡೇಲ್ ಕಂಪನಿಯೇ 2023ರ ಸೂಪರ್‌ಸಿಕ್ಸ್ ಇವೊಗೆ ಬಿಎಸ್‌ಎ ಹಾಕಿತು. ಟ್ರೆಕ್‌ನವರು ಥ್ರೆಡ್ ಇಲ್ಲದ ತಮ್ಮ ಬಿಬಿ90 ಬಿಟ್ಟು ಟಿ47 ಥ್ರೆಡ್ಡಿಗೆ ಹೋದರು. ಜೈಂಟ್, ಕ್ಯಾನ್ಯನ್ ಮಾತ್ರ ವರ್ಷಗಳಿಂದ ಬಿಬಿ86ಕ್ಕೇ ಅಂಟಿಕೊಂಡಿವೆ. ಹಾಗೆ ನೋಡಿದರೆ ಪ್ರೆಸ್‌ಫಿಟ್‌ಗಳಲ್ಲಿ ಕಡಿಮೆ ಕಾಟ ಕೊಡುವುದೂ ಅದೇ.

ಬಿಬಿ86 ಶೆಲ್, 24ರ ಶಿಮಾನೊ ಕ್ರ್ಯಾಂಕ್ ಇದ್ದು, ಈವರೆಗೆ ಸದ್ದು ಇಲ್ಲದೆ ಓಡಿದ್ದರೆ ಮತ್ತೆ ಶಿಮಾನೊದ್ದೇ ಹಾಕಿ. ಆರ್‌ಎಸ್500-ಪಿಬಿ, ಬಿಬಿ72-41ಬಿ, ಬಿಬಿ92-41ಬಿ ಇವೆ. ನೈಲಾನ್ ಕಪ್‌ಗಳು. ಪ್ಲಾಸ್ಟಿಕ್ ಅಂತ ಮೂಗು ಮುರಿಯಬೇಡಿ. ಶೆಲ್ಲಿನ ಸಣ್ಣಪುಟ್ಟ ವ್ಯತ್ಯಾಸಕ್ಕೆ ನೈಲಾನ್ ಸ್ವಲ್ಪ ಬಗ್ಗಿ ಹೊಂದಿಕೊಳ್ಳುತ್ತದೆ. ಅಲ್ಯುಮಿನಿಯಂ ಕಪ್ ಹಾಗೆ ಬಗ್ಗುವುದಿಲ್ಲ. ಒಮ್ಮೆ ಹೊಡೆದು ಹೊರಗೆ ತೆಗೆದ ಕಪ್ಪನ್ನು ಮಾತ್ರ ಮತ್ತೆ ಹಾಕಬೇಡಿ.

ಸದ್ದು ಮಾಡುವ ಫ್ರೇಮ್ ಆದರೆ ಆಯ್ಕೆ ಬದಲಾಗುತ್ತದೆ. ಆಗ ಎಡ, ಬಲ ಕಪ್ಪುಗಳು ಶೆಲ್ಲಿನ ಒಳಗೆ ಒಂದಕ್ಕೊಂದು ಥ್ರೆಡ್ ಆಗಿ ಬಿಗಿಯುವ ಬಿಬಿ ತೆಗೆದುಕೊಳ್ಳಿ. ವೀಲ್ಸ್ ಮ್ಯಾನುಫ್ಯಾಕ್ಚರಿಂಗ್, ಟೋಕನ್ ಕಂಪನಿಗಳು ಮಾಡುತ್ತವೆ. ಎರಡು ಕಪ್ ಸೇರಿ ಒಂದೇ ಗಟ್ಟಿ ಕೊಳವೆ ಆಗುತ್ತದೆ. ಆದ್ದರಿಂದ ಎಡ ಬಲ ಬೇರಿಂಗ್‌ಗಳು ಒಂದೇ ಗೆರೆಯಲ್ಲಿ ನಿಲ್ಲುತ್ತವೆ, ಕಪ್ ಹೊರಗೆ ಸರಿಯುವುದಕ್ಕೆ ದಾರಿ ಇರುವುದಿಲ್ಲ. ಬೇರಿಂಗ್ ಮಾತ್ರ ಬದಲಿಸಲೂ ಬರುತ್ತದೆ. ಬೆಲೆ ಶಿಮಾನೊ ಬಿಬಿಯ ಹಲವು ಪಟ್ಟು, ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದೂ ಇಲ್ಲ, ತರಿಸಬೇಕು. ಆದರೂ ಸದ್ದು ಮಾಡುವ ಪ್ರೆಸ್‌ಫಿಟ್ ಫ್ರೇಮಿಗೆ ದುಡ್ಡು ಹಾಕುವುದಿದ್ದರೆ ಇಲ್ಲೇ ಹಾಕಿ.

ಅದಕ್ಕೂ ಮುಂಚೆ ಅಗ್ಗದ ಒಂದು ಪ್ರಯತ್ನ ಇದೆ. ರಿಟೇನಿಂಗ್ ಕಾಂಪೌಂಡ್, ಲಾಕ್‌ಟೈಟ್ 609 ತರಹದ್ದು. ಇದು ಬೋಲ್ಟಿಗೆ ಹಾಕುವ ನೀಲಿ ಲಾಕ್‌ಟೈಟ್ ಅಲ್ಲ. ಶೆಲ್ ಚೆನ್ನಾಗಿ ಒರೆಸಿ, ಎಣ್ಣೆ ಪಸೆ ಇಲ್ಲದ ಹಾಗೆ ಮಾಡಿ, ತೆಳ್ಳಗೆ ಹಚ್ಚಿ ಕಪ್ ಒತ್ತಬೇಕು. ಒಂದು ದಿನ ಹಾಗೇ ಬಿಡಬೇಕು. ಸಣ್ಣ ಅಂತರ ಇದ್ದರೆ ತುಂಬಿಕೊಳ್ಳುತ್ತದೆ. ಕಾರ್ಬನ್ ಫ್ರೇಮ್ ಆದರೆ ಫ್ರೇಮ್ ಕಂಪನಿ ಏನು ಹೇಳಿದೆ ಅಂತ ಮೊದಲು ನೋಡಿ.

ಬಿಬಿ30ರ ಲೆಕ್ಕವೇ ಬೇರೆ. ಅಲ್ಲಿ ಕಪ್ ಇಲ್ಲ, ಬೇರಿಂಗ್ ನೇರವಾಗಿ ಫ್ರೇಮಿಗೆ ಕೂರುತ್ತದೆ. ಒಳಗೆ ಸರ್‌ಕ್ಲಿಪ್ (ಸ್ಪ್ರಿಂಗ್ ಬಳೆ) ತಡೆಯುತ್ತದೆ. 30ರ ಕ್ರ್ಯಾಂಕನ್ನೇ ಇಟ್ಟುಕೊಳ್ಳುವುದಾದರೆ ಹೊಸ ಬಿಬಿ ಅಂತ ಕೊಳ್ಳುವುದೇ ಬೇಡ. ಬೇಕಾದ್ದು ಎರಡು 6806 ಬೇರಿಂಗ್. ಒಳಗೆ 30, ಹೊರಗೆ 42, ದಪ್ಪ 7 ಮಿ.ಮೀ. ಕೆಲವು ಕಂಪನಿಗಳು ಇದನ್ನೇ 61806 ಅಂತ ಬರೆಯುತ್ತವೆ. ಇದು ಸೈಕಲ್ಲಿಗೆ ಅಂತಲೇ ಮಾಡಿದ ವಸ್ತು ಅಲ್ಲ, ಮೆಷಿನ್‌ಗಳಿಗೆಲ್ಲ ಹಾಕುವ ಸೈಜು. ಬೆಂಗಳೂರಿನ ಎಸ್‌ಪಿ ರೋಡ್, ಜೆಸಿ ರೋಡ್ ಕಡೆಯ ಬೇರಿಂಗ್ ಅಂಗಡಿಗಳಲ್ಲಿ ಕೇಳಿ ನೋಡಿ. ಎರಡೂ ಕಡೆ ರಬ್ಬರ್ ಸೀಲ್ ಇರುವ 2ಆರ್‌ಎಸ್ ಬೇಕು ಅಂತ ಹೇಳಿ. ಲೋಹದ ಮುಚ್ಚಳದ್ದು, ಅಂದರೆ ಝಡ್‌ಝಡ್, ನೀರು ತಡೆಯುವುದಿಲ್ಲ.

ಬಿಬಿ30 ಅಥವಾ ಪಿಎಫ್30 ಫ್ರೇಮಿಗೆ 24ರ ಶಿಮಾನೊ ಕ್ರ್ಯಾಂಕ್ ಹಾಕಬೇಕೇ? ಆಗುತ್ತದೆ. ಆದರೆ ಬೇರಿಂಗ್ ಒಳಗೆ ತೂರಿಸುವ ತೆಳ್ಳನೆ ಬುಶ್ ಅಡಾಪ್ಟರ್ ತೆಗೆದುಕೊಳ್ಳಬೇಡಿ. ಅದು ಸದ್ದಿಗೆ ಇನ್ನೆರಡು ಜಾಗ ಮಾಡಿಕೊಡುತ್ತದೆ. ಬೇರಿಂಗನ್ನು ಶೆಲ್ಲಿನ ಹೊರಗಡೆ ಕೂರಿಸುವ ಪೂರ್ತಿ ಕನ್ವರ್ಷನ್ ಬಿಬಿ ಬೇಕು. ಪ್ರ್ಯಾಕ್ಸಿಸ್, ವೀಲ್ಸ್ ಮ್ಯಾನುಫ್ಯಾಕ್ಚರಿಂಗ್ ಇವರದ್ದು ಇದೆ.

ಉಲ್ಟಾ ಜೋಡಿ ಮಾಡಲು ಹೋಗಬೇಡಿ. ಬಿಬಿ86 ಶೆಲ್ಲಿಗೆ 30ರ ಕ್ರ್ಯಾಂಕ್ ಹಾಕಲು ಬಿಬಿ ಸಿಗುತ್ತದೆ, ನಿಜ. ಲೆಕ್ಕ ಹಾಕಿ: 41ರ ರಂಧ್ರ, 30ರ ಸ್ಪಿಂಡಲ್. ಒಂದು ಬದಿಗೆ ಐದೂವರೆ ಮಿ.ಮೀ. ಜಾಗ. ಅದರಲ್ಲೇ ಬೇರಿಂಗಿನ ಹೊರಬಳೆ, ಒಳಬಳೆ, ಗುಂಡು ಎಲ್ಲ ಹಿಡಿಸಬೇಕು. ಗುಂಡುಗಳು ಸಾಸಿವೆಕಾಳಿನಷ್ಟಾದರೆ ಎಷ್ಟು ದಿನ ಬಾಳುತ್ತವೆ? ಒಂದು ಪವರ್ ಮೀಟರ್ ಕ್ರ್ಯಾಂಕ್ ಅಗ್ಗಕ್ಕೆ ಸಿಕ್ಕಿತು ಅಂತ ಈ ಜೋಡಿಗೆ ಬಿದ್ದು, ಪದೇ ಪದೇ ಬೇರಿಂಗ್ ಬದಲಿಸುವವರಿದ್ದಾರೆ.

ಟ್ರೆಕ್ ಬಿಬಿ90ರಲ್ಲಿ ಬೇರಿಂಗ್ ನೇರ ಕಾರ್ಬನ್ನಿಗೇ ಕೂರುತ್ತದೆ. ವರ್ಷ ಕಳೆದಂತೆ ಆ ಜಾಗ ಸ್ವಲ್ಪ ಸಡಿಲವಾಗುತ್ತದೆ. ಕೈಬೆರಳಿನಿಂದ ಒತ್ತಿದರೆ ಬೇರಿಂಗ್ ಕೂತುಬಿಡುತ್ತಿದ್ದರೆ ಮಾಮೂಲಿ ಸೈಜು ಬೇಡ. ಟ್ರೆಕ್ ಇದಕ್ಕೆಂದೇ ತುಸು ದೊಡ್ಡ ಹೊರಸುತ್ತಿನ ಬೇರಿಂಗ್ ಕೊಡುತ್ತದೆ, ಅದನ್ನೇ ಕೇಳಿ.

ಸ್ಕ್ವೇರ್ ಟೇಪರ್: ನಗಬೇಡಿ

ಹಳೇ ರೋಡ್ ಬೈಕ್, ಕಡಿಮೆ ಬೆಲೆಯ ರೋಡ್ ಬೈಕ್, ಟೂರಿಂಗ್ ಸೈಕಲ್‌ಗಳಲ್ಲಿ ಸ್ಪಿಂಡಲ್ ತುದಿ ಚೌಕ ಇರುತ್ತದೆ. ಬೇರಿಂಗ್ ಶೆಲ್ಲಿನ ಒಳಗೇ ಇರುತ್ತದೆ, ಪೂರ್ತಿ ಸೀಲ್ ಆದ ಕಾರ್ಟ್ರಿಜ್. ತೂಕ ಜಾಸ್ತಿ, ಬಗ್ಗುವುದೂ ಜಾಸ್ತಿ. ಆದರೆ ಬಾಳಿಕೆಯಲ್ಲಿ ಮೇಲಿನ ಎಲ್ಲವನ್ನೂ ಸೋಲಿಸುತ್ತದೆ. 600 ಕಿ.ಮೀ. ಬ್ರೆವೆ (ಗಡುವಿನೊಳಗೆ ಮುಗಿಸುವ ದೂರದ ಸವಾರಿ) ಓಡಿಸುವವರಲ್ಲಿ ಬೇಕಂತಲೇ ಇದನ್ನು ಇಟ್ಟುಕೊಂಡವರಿದ್ದಾರೆ. ಮೊದಲಿನ ಕಾಟರ್ ಪಿನ್ ಸೈಕಲ್ ರಿಪೇರಿ ಮಾಡಿ ಬೆಳೆದ ಊರಿನ ಮೆಕ್ಯಾನಿಕ್‌ಗಳಿಗೂ ಇದು ಗುರುತಿನ ಸಾಮಾನು.

ಇಲ್ಲಿ ಬ್ರ್ಯಾಂಡಿಗಿಂತ ಉದ್ದ ಮುಖ್ಯ. ಸ್ಪಿಂಡಲ್ 107, 110, 113, 118, 122.5 ಮಿ.ಮೀ. ಹೀಗೆ ಬೇರೆ ಬೇರೆ ಉದ್ದದಲ್ಲಿ ಬರುತ್ತದೆ. ಹಳೇ ಕಾರ್ಟ್ರಿಜ್ ಮೇಲೆ 68-110 ಅಂತ ಏನಾದರೂ ಬರೆದಿರುತ್ತದೆ, ಮೊದಲನೆಯದು ಶೆಲ್, ಎರಡನೆಯದು ಉದ್ದ. ಅದನ್ನೇ ತನ್ನಿ. ಉದ್ದ ತಪ್ಪಿದರೆ ಚೈನ್‌ರಿಂಗ್ ಫ್ರೇಮಿಗೆ ಉಜ್ಜುತ್ತದೆ, ಇಲ್ಲ ಮುಂದಿನ ಡಿರೇಲರ್ ಕೈಗೆಟುಕದ ಹಾಗೆ ಚೈನ್ ದೂರ ಹೋಗುತ್ತದೆ. ಶಿಮಾನೊ ಯುಎನ್300 ಸಾಕು. ಹಳೇ ಕ್ಯಾಂಪಾನ್ಯೋಲೊ ಕ್ರ್ಯಾಂಕ್ ಇದ್ದರೆ ಮಾತ್ರ ಎಚ್ಚರ. ಅವರ ಚೌಕ ಐಎಸ್‌ಒ ಅಳತೆಯದು, ಶಿಮಾನೊದ್ದು ಜೆಐಎಸ್. ಎರಡೂ ಕಣ್ಣಿಗೆ ಒಂದೇ, ಕೂರುವ ಆಳ ಬೇರೆ.

ಕ್ರ್ಯಾಂಕ್ ಬೋಲ್ಟ್ ಸಡಿಲವಾಗಿದ್ದಾಗ ಸ್ಕ್ವೇರ್ ಟೇಪರ್ ಓಡಿಸಬಾರದು. ಸ್ಟೀಲ್ ಚೌಕ ಅಲ್ಯುಮಿನಿಯಂ ತೋಳಿನ ರಂಧ್ರವನ್ನು ಗುಂಡಗೆ ಮಾಡಿಬಿಡುತ್ತದೆ. ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ.

ಆಕ್ಟಾಲಿಂಕ್ (ಶಿಮಾನೊದ ಹಳೇ, ಎಂಟು ಹಲ್ಲಿನ ತುದಿಯ ಸ್ಪಿಂಡಲ್) ಇರುವ ಹಳೇ ಸೈಕಲ್ ಆದರೆ ಹೊಸ ಬಿಬಿ ಹುಡುಕುತ್ತಾ ಕೂರುವುದಕ್ಕಿಂತ, 24ರ ಕ್ರ್ಯಾಂಕ್ ಮತ್ತು ಬಿಬಿ ಒಟ್ಟಿಗೆ ಹಾಕಿಸುವುದು ಜಾಣತನ.

ಉಳಿದವು

ಸ್ರ್ಯಾಮ್ ಕ್ರ್ಯಾಂಕ್ ಇದ್ದವರಿಗೆ ಆಯ್ಕೆ ಕಡಿಮೆ. ಜಿಎಕ್ಸ್‌ಪಿಗೆ ಜಿಎಕ್ಸ್‌ಪಿ ಬಿಬಿಯೇ ಬೇಕು. ಎಡಗಡೆಯ 22ರ ಮೆಟ್ಟಿಲು ಬೇರಿಂಗನ್ನು ಹಿಡಿದುಕೊಳ್ಳುವ ವಿನ್ಯಾಸ ಅದು, ಶಿಮಾನೊ ಬಿಬಿ ಅಲ್ಲಿ ನಿಲ್ಲುವುದಿಲ್ಲ. ಡಬ್ ಕ್ರ್ಯಾಂಕಿಗೆ ಡಬ್ ಬಿಬಿ. 28.99 ಅಂದರೆ 30ಕ್ಕೆ ಹತ್ತಿರ ತಾನೇ ಅಂತ 30ರ ಬಿಬಿ ತರಬೇಡಿ.

ಕ್ಯಾಂಪಾನ್ಯೋಲೊ ಅಲ್ಟ್ರಾ-ಟಾರ್ಕ್‌ನಲ್ಲಿ ಬೇರಿಂಗ್ ಕ್ರ್ಯಾಂಕ್ ತೋಳಿಗೇ ಕೂತಿರುತ್ತದೆ, ಕಪ್ ಬರೀ ಖಾಲಿ ಮನೆ. ಆದ್ದರಿಂದ ಕಪ್ ಬದಲಿಸಿದರೆ ಒರಟು ಹೋಗುವುದಿಲ್ಲ, ಬೇರಿಂಗ್ ಬೇರೆ ಕೊಳ್ಳಬೇಕು. ಅದನ್ನು ಎಳೆಯಲು ಪುಲ್ಲರ್ ಬೇಕು.

ಟಿ47 ಇದ್ದರೆ ಖುಷಿ ಪಡಿ. ಪಿಎಫ್30ರಷ್ಟೇ ದೊಡ್ಡ ಶೆಲ್, ಆದರೆ ಥ್ರೆಡ್ ಇದೆ. 2015ರಲ್ಲಿ ಕ್ರಿಸ್ ಕಿಂಗ್ ಮತ್ತು ಆರ್ಗೊನಾಟ್ ಸೇರಿ ತಂದದ್ದು. ಅಗಲಗಳು ಮಾತ್ರ ಒಂದೇ ಅಲ್ಲ, 68 ಇದೆ, 86.5 ಇದೆ, ಟ್ರೆಕ್‌ನದು 85.5. ಕೊಳ್ಳುವ ಮುಂಚೆ ಫ್ರೇಮ್ ಮಾಡೆಲ್ ಹೇಳಿ ಕೇಳಿ.

ಸೆರಾಮಿಕ್ ಬೇಕೇ?

ಬೇಡ. ಸೆರಾಮಿಕ್ ಅಂತ ಮಾರುವುದು ಹೆಚ್ಚಾಗಿ ಹೈಬ್ರಿಡ್. ಗುಂಡು ಮಾತ್ರ ಸಿಲಿಕಾನ್ ನೈಟ್ರೈಡ್, ಬಳೆಗಳು ಸ್ಟೀಲ್. ಗುಂಡಿಗೆ ತುಕ್ಕು ಹಿಡಿಯುವುದಿಲ್ಲ, ಬಳೆಗೆ ಹಿಡಿಯುತ್ತದೆ. ದೂಳು ಒಳಗೆ ಹೋದರೆ ಗಟ್ಟಿ ಗುಂಡು ಮೆತ್ತನೆ ಬಳೆಯನ್ನು ಬೇಗ ಕೆಡಿಸುತ್ತದೆ. ಹಗುರವಾಗಿ ತಿರುಗಲಿ ಅಂತ ಸೀಲನ್ನೂ ಸಡಿಲ ಇಟ್ಟಿರುತ್ತಾರೆ. ನಂದಿ ಬೆಟ್ಟ ಹತ್ತುವಾಗ ಉಳಿಯುವ ಶಕ್ತಿ ಬಿಬಿಯಲ್ಲಿ ಇಲ್ಲ. ಕೊಳಕು ಚೈನ್ ತಿನ್ನುವ ಶಕ್ತಿ ಅದಕ್ಕಿಂತ ಜಾಸ್ತಿ. ಟೈಮ್ ಟ್ರಯಲ್ ಓಡಿಸಿ ಸೆಕೆಂಡು ಎಣಿಸುವವರು, ಆಗಾಗ ಬಿಚ್ಚಿ ಗ್ರೀಸ್ ಮಾಡಿಸುವವರು ಬೇಕಾದರೆ ಹಾಕಿಕೊಳ್ಳಲಿ.

ಹಾಕುವ ಕೆಲಸ

ಒಳ್ಳೇ ಬಿಬಿಯನ್ನು ಕೆಟ್ಟದಾಗಿ ಹಾಕುವುದಕ್ಕಿಂತ ಸಾಧಾರಣ ಬಿಬಿಯನ್ನು ಸರಿಯಾಗಿ ಹಾಕುವುದು ಮೇಲು. ಪ್ರೆಸ್‌ಫಿಟ್ ಆದರೆ ಅಂಗಡಿಯಲ್ಲಿ ಬೇರಿಂಗ್ ಪ್ರೆಸ್ ಇದೆಯಾ ಅಂತ ಕೇಳಿ. ಸುತ್ತಿಗೆ, ಮರದ ತುಂಡು ಹಿಡಿದರೆ ಸೈಕಲ್ ಎತ್ತಿಕೊಂಡು ಬನ್ನಿ.

ಬಿಎಸ್‌ಎ ಮನೆಯಲ್ಲೇ ಮಾಡಬಹುದು. ಒಂದು ವಿಷಯ ಗೊತ್ತಿರಬೇಕು: ಚೈನ್ ಬದಿಯ ಕಪ್ಪಿಗೆ ಉಲ್ಟಾ ಥ್ರೆಡ್. ಪೆಡಲ್ ಮಾಡುತ್ತಾ ಹೋದಂತೆ ಬಲಗಡೆಯ ಕಪ್ ತಾನಾಗಿ ಬಿಚ್ಚಿಕೊಳ್ಳಬಾರದು ಅಂತ ಹಾಗೆ ಮಾಡಿದ್ದಾರೆ. ಇಟಾಲಿಯನ್ ಶೆಲ್ಲಿನಲ್ಲಿ ಎರಡೂ ಸೀದಾ ಥ್ರೆಡ್, ಅದಕ್ಕೇ ಅದರ ಬಲಗಡೆಯ ಕಪ್ ಆಗಾಗ ಸಡಿಲವಾಗುತ್ತದೆ. ಬಿಎಸ್‌ಎಗೆ ನೆನಪಿಡಲು ಸುಲಭ ದಾರಿ ಇದೆ. ಸ್ಪ್ಯಾನರ್ ಹಿಡಿ ಮೇಲ್ಮುಖವಾಗಿ ನಿಲ್ಲಿಸಿ. ಮುಂದಿನ ಚಕ್ರದ ಕಡೆ ತಳ್ಳಿದರೆ ಬಿಚ್ಚುತ್ತದೆ, ಹಿಂದಿನ ಚಕ್ರದ ಕಡೆ ಎಳೆದರೆ ಬಿಗಿಯುತ್ತದೆ. ಎಡಕ್ಕೂ ಬಲಕ್ಕೂ ಇದೇ.

ಥ್ರೆಡ್ಡನ್ನು ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ, ಧಾರಾಳವಾಗಿ ಗ್ರೀಸ್ ಹಚ್ಚಿ. ಕಪ್ಪನ್ನು ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಬರದಿದ್ದರೆ ಥ್ರೆಡ್ ಅಡ್ಡ ಕೂತಿದೆ, ತೆಗೆದು ಮತ್ತೆ ಶುರು ಮಾಡಿ. ಸ್ಪ್ಯಾನರ್ ಕೊನೆಗೆ. ಶಿಮಾನೊ ಕಪ್ಪಿಗೆ 35ರಿಂದ 50 ನ್ಯೂಟನ್ ಮೀಟರ್ ಬೇಕು, ಅಂದರೆ ಸಾಕಷ್ಟು ಜೋರು. ಆಮೇಲೆ ಸ್ಪಿಂಡಲ್ಲಿಗೆ ಗ್ರೀಸ್ ಸವರಿ ಬಲಗಡೆಯಿಂದ ತೂರಿಸಿ. ಕೊನೆಯಲ್ಲಿ ತಡೆದರೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ.

ಎಡಗಡೆಯ ತೋಳಿನ ಪ್ಲಾಸ್ಟಿಕ್ ಕ್ಯಾಪಿನಲ್ಲಿ ಬಹಳ ಜನ ಎಡವುತ್ತಾರೆ. ಅದು ಕ್ರ್ಯಾಂಕನ್ನು ಹಿಡಿಯುವ ಬೋಲ್ಟ್ ಅಲ್ಲ. ಪಕ್ಕಕ್ಕೆ ಆಡುವುದನ್ನು ನಿಲ್ಲಿಸಲು ಮಾತ್ರ ಇರುವುದು. 0.7ರಿಂದ 1.5 ನ್ಯೂಟನ್ ಮೀಟರ್, ಅಂದರೆ ಬೆರಳ ತುದಿಯ ಬಿಗಿ. ಅದನ್ನು ಜೋರಾಗಿ ತಿರುಗಿಸಿದರೆ ಹೊಸ ಬೇರಿಂಗ್ ಮೊದಲ ದಿನದಿಂದಲೇ ಒತ್ತಡದಲ್ಲಿ ತಿರುಗುತ್ತದೆ. ಕ್ಯಾಪ್ ಆದ ಮೇಲೆ ಸಣ್ಣ ಪ್ಲಾಸ್ಟಿಕ್ ತಡೆಯ ಪಿನ್ ಸ್ಪಿಂಡಲ್ಲಿನ ತೂತಿಗೆ ಇಳಿಯುವ ಹಾಗೆ ಒತ್ತಿ. ಆಮೇಲೆ ಎರಡು ಅಲೆನ್ ಬೋಲ್ಟ್‌ಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ 12ರಿಂದ 14ಕ್ಕೆ ತನ್ನಿ. ಒಂದನ್ನು ಬಿಗಿದಾಗ ಇನ್ನೊಂದು ಸಡಿಲವಾಗುತ್ತದೆ. ಎರಡೂ ಅಲ್ಲಾಡದೆ ನಿಲ್ಲುವವರೆಗೆ ತಿರುವು ಹಾಕುತ್ತಾ ಹೋಗಿ.

ಮೊದಲ ಒಂದೆರಡು ರೈಡ್ ಆದ ಮೇಲೆ ಆ ಎರಡು ಬೋಲ್ಟ್‌ಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಇಟ್ಟು ನೋಡಿ.